ಮಾಸ್ತರರ ಗಡಿಯಾರ, ಲಾಲಮ್ಮನ ಬಸ್ಸು

“ನಾಳಿಂದ ಕಾಲುವಿ ನೀರು ನನ್ನ ಬಂಗಾರದ ಗಡಿಯಾರ ಹೇಳಿದಂಗ ಹರೀತದ,” ಎಂದು ಹಣಮಂತ್ರಾಯ ಮಾಸ್ತರರು ಕಟ್ಟೆಯ ಮೇಲೆ ನಿಂತು ಅಪ್ಪಣೆ ಹೊರಡಿಸಿದರು. ಕೊಂಕಲ್ಲಿಗೆ ಕಾಲುವೆ ಬಂದು ಹತ್ತು ವರ್ಷ. ಮಾಸ್ತರರಿಗೆ ಕೈಗಡಿಯಾರದ ಹುಚ್ಚು ಹಿಡಿದು ಹನ್ನೊಂದು.

ಗಡಿಯಾರ ಹಳೆಯದಿರಬೇಕು, ಚೌಕಾಗಿರಬೇಕು, ಬಂಗಾರದ್ದೋ ಬೆಳ್ಳಿಯದೋ ಆಗಿರಬೇಕು. ದುಂಡನೆಯದು ಬಸ್ ಡ್ರೈವರಿಗೆ ಲಾಯಕ್ಕು ಎಂಬುದು ಅವರ ಸಿದ್ಧಾಂತ. ಸುರಪುರದ ಹಳೆಯ ಮನೆತನಗಳ ಸಂದೂಕುಗಳಿಗೆ ಗಂಟುಬಿದ್ದು ಎರಡು ಬಂಗಾರದವು, ಮೂರು ಬೆಳ್ಳಿಯವು ಕೂಡಿಹಾಕಿದ್ದರು. ಐದೂ ಐದು ಹೊತ್ತು ತೋರಿಸುತ್ತಿದ್ದವು. ಇದ್ದುದರಲ್ಲಿ ಸರಿಯಾಗಿ ನಡೆಯುತ್ತಿದ್ದುದು ಬಿಸ್ಕೀಟಿನಷ್ಟು ತೆಳ್ಳಗಿನ ಒಂದು ಬಂಗಾರದ್ದು. ಅದನ್ನು ರಿಪೇರಿ ಮಾಡಿದ ಶಹಾಪುರದ ಮಕ್ತುಮಸಾಬ ಮೊದಲೇ ಎಚ್ಚರಿಸಿದ್ದ: “ಮಾಸ್ತರ, ಇದು ಮದುವಿ ಮಜಲಿಸಿಗಿ ಕಟ್ಟೋ ಮಾಲು. ನೀರಿನ ಗಾಳಿ ಸೈತ ತಾಗಸಬ್ಯಾಡ್ರಿ.”

ಹೆಂಡತಿ ಅಮೃತಮ್ಮನ ಮಾತು ಇನ್ನೂ ಖಾರ. “ಗಡಿಯಾರಕ್ಕ ನಾಕು ಮೂಲಿ ಅದಾವ. ನಿಮ್ಮ ಬುದ್ಧಿ ಯಾವ ಮೂಲ್ಯಾಗ ಕುಂತದ್ರಿ?”

ಮಾಸ್ತರರ ಸಿಟ್ಟೆಲ್ಲ ಪಕ್ಕದ ಗದ್ದೆಯ ಲಾಲಮ್ಮನ ಮೇಲೆ. ಒಂದೇ ತೂಬಿನ ನೀರು ಮೊದಲು ಲಾಲಮ್ಮನ ಎರಡೆಕರೆಗೆ, ಮಧ್ಯಾಹ್ನ ಎರಡರಿಂದ ಮಾಸ್ತರರ ನಾಲ್ಕೆಕರೆಗೆ. ಲಾಲಮ್ಮನಿಗೆ ಎರಡು ಗಂಟೆ ಎಂದರೆ ಸುರಪುರದ ಕೆಂಪು ಬಸ್ಸು ಹಾದುಹೋಗುವುದು. ಅವಳ ತಾಯಿ, ಅಜ್ಜಿ ಎಲ್ಲ ಧಣಿ ಹೇಳಿದ್ದನ್ನೇ ಹೊತ್ತು ಎಂದು ನಂಬಿ ಕತ್ತಲಾಗುವ ತನಕ ಕಳೆ ಕಿತ್ತವರು. ಈಗ ಇವಳು ಹೊತ್ತು ಹೇಳುವುದೇ? ಮಾಸ್ತರರು ಕಾಗದ ಬರೆದರು: ‘ಮಾಸ್ತರರ ಗಡಿಯಾರದಲ್ಲಿ ಎರಡಾದ ಮೇಲೆಯೇ ಪಾಳಿ ಬದಲು. ಬಸ್ಸು, ಬಿಸಿಲು ಲೆಕ್ಕಕ್ಕಿಲ್ಲ.’ ಲಾಲಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತಿದಳು.

ಮರುದಿನವೇ ಕಸರತ್ತು. ಅಂದು ಸಂಜೆಯಿಂದ ಕಾಲುವೆ ಹದಿನೈದು ದಿನ ಬಂದ್. ಮಾಸ್ತರರ ಭತ್ತ ತೆನೆ ಹಾಯುತ್ತಿತ್ತು. ಇವತ್ತು ನೀರು ಕುಡಿಯದಿದ್ದರೆ ಜೊಳ್ಳೇ ಗತಿ. ಆಳನ್ನು ನಂಬದೆ ತಾವೇ ಧೋತರ ಎತ್ತಿಕಟ್ಟಿ, ಲಾಲಮ್ಮನ ಗದ್ದೆಗೆ ನೀರು ಹಾಯುವ ಕಂಡಿ ಮುಚ್ಚಲು ಹುಲ್ಲು ಬೆರೆಸಿ ಕೆಸರು ನಾದತೊಡಗಿದರು.

“ಗಡಿಯಾರ ಬಿಚ್ಚಿ ನನ್ನ ಕೈಯಾಗ ಕೊಡ್ರಿ,” ಎಂದಳು ಅಮೃತಮ್ಮ.

“ಬಿಚ್ಚಿದ್ರ ಮಂದಿಗಿ ಹೊತ್ತು ಹ್ಯಾಂಗ ಕಾಣ್ತದ?”

ಎರಡಕ್ಕೆ ಇನ್ನೂ ಐದು ನಿಮಿಷವಿತ್ತು. ಮಾಸ್ತರರಿಗೆ ತಡೆಯಲಾಗಲಿಲ್ಲ, ಕೆಸರಿನ ಮುದ್ದೆ ಎತ್ತಿ ಕಂಡಿಗೆ ಜಡಿದು, ಒದ್ದು ಗಟ್ಟಿಮಾಡಿದರು. ಇನ್ನು ಎರಡಾಯಿತೆಂದು ಸಾರಲು ಗತ್ತಿನಿಂದ ಕೈ ಎತ್ತಿದರೆ, ಮುಂಗೈ ಮೇಲೆ ಹನ್ನೊಂದು ವರ್ಷ ಬಿಸಿಲು ಕಾಣದ ಬಿಳಿಯ ಚೌಕವೊಂದೇ ಉಳಿದಿತ್ತು. ಹಳೆಯ ಚರ್ಮದ ಪಟ್ಟಿ ಕಡಿದು ಗಡಿಯಾರ ಮುದ್ದೆಯೊಳಗೆ ಸೇರಿತ್ತು.

ಮಾಸ್ತರರು ತಾವು ಜಡಿದ ಮುದ್ದೆಯನ್ನು ತಾವೇ ಹತ್ತು ಬೆರಳಿಂದ ಕಿತ್ತರು. ನೀರು ಭೋರೆಂದು ಲಾಲಮ್ಮನ ಗದ್ದೆಗೆ ನುಗ್ಗಿತು. ಅದರ ಹಿಂದೆಯೇ ಅವರೂ ನುಗ್ಗಿ, ಎಮ್ಮೆಯಂತೆ ಕೆಸರಲ್ಲಿ ಕೂತು ತಡಕಾಡಿದರು. ಅಷ್ಟರಲ್ಲಿ ಕೆಂಪು ಬಸ್ಸು, ಎಂದೂ ಇಲ್ಲದ್ದು ಅಂದು ಸರಿಯಾದ ಹೊತ್ತಿಗೆ, ಹಾರ್ನ್ ಹೊಡೆದು ಹೋಯಿತು.

ಕೊನೆಗೆ ಗಡಿಯಾರ ಸಿಕ್ಕಿತು. ಮಾಸ್ತರರು ಬದುವಿನ ಮೇಲೆ ನಿಂತಿದ್ದ ಲಾಲಮ್ಮನತ್ತ ತಿರುಗಿದರು. “ಲಾಲಮ್ಮ, ಬಸ್ಸು ಹೋತಲ್ಲ. ಎರಡಾತು. ಕಂಡಿ ಮುಚ್ಚು.”

“ಬಸ್ಸು ಲೆಕ್ಕಕ್ಕಿಲ್ಲಂತ ಹೆಬ್ಬಟ್ಟು ಒತ್ತಿಸ್ಕೊಂಡೀರಲ್ರಿ. ಅಮೃತಕ್ಕ, ಗಡಿಯಾರದಾಗ ಏನದ ನೀವ ನೋಡಿ ಹೇಳ್ರಿ.”

ಅಮೃತಮ್ಮ ಗಾಜಿನ ಕೆಸರು ಒರೆಸಿದಳು. “ಎರಡಕ್ಕ ಐದು ಕಮ್ಮಿ.”

“ನಿಂತುಬಿಟ್ಟದ ಅದು!” ಮಾಸ್ತರರು ಕೂಗಿದರು.

“ಗಡಿಯಾರ ನಿಂತ್ರ ನೀರೂ ನಿಲ್ಲಬೇಕಂತ ಕಾಗದದಾಗ ಇಲ್ರಿ,” ಎಂದು ಲಾಲಮ್ಮ ಬದುವಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. “ಅದರಾಗ ಎರಡಾದ ಮ್ಯಾಲ ಕೂಗ್ರಿ. ಅಲ್ಲೀತನಕ ಉಣ್ತೀನಿ.”

ಸಂಜೆ ಕಾಲುವೆ ಬಂದ್ ಆಗುವವರೆಗೂ ಅದರಲ್ಲಿ ಎರಡಾಗಲಿಲ್ಲ. ನಾಲ್ಕೆಕರೆಯಲ್ಲಿ ಎರಡೆಕರೆ ಜೊಳ್ಳಾಯಿತು.

ಮುಂದಿನ ಪಾಳಿಯ ದಿನ ಮಾಸ್ತರರು ಬೋಳು ಕೈಯಲ್ಲಿ ರಸ್ತೆಗೆ ಬಂದು ನಿಂತು ಕೆಂಪು ಬಸ್ಸಿಗೆ ಕೈಮಾಡಿದರು. ಬಸ್ಸು ನಿಂತಿತು.

“ಹತ್ರಿ ಮಾಸ್ತರ, ಸುರಪುರಕ್ಕೇನ್ರಿ?” ಎಂದ ಡ್ರೈವರ್.

“ಹತ್ತೋದಿಲ್ಲಪ,” ಮಾಸ್ತರರು ತಲೆ ತಗ್ಗಿಸಿ ಹೇಳಿದರು. “ನಿನ್ನ ದುಂಡನ ಗಡಿಯಾರ ಒಂದಿಷ್ಟು ಕಿಟಕ್ಯಾಗಿಂದ ತೋರಸು.”