ಗಂಟೆ ಮಾರಲು ಹೊರಟವಳು ಗದ್ದೆಗಿಳಿದದ್ದು

"ಅಕ್ಕಾ, ಇಲ್ಲಿ ಶಾಲೆಗೆ ಯಾವ ಕಡೆ ಹೋಗ್ಬೇಕು?"

ತಾಳಗುಂದ ದಾಟಿದ ಮೇಲೆ ತಪ್ಪು ತಿರುವಿನ ಮೇಲೆ ತಪ್ಪು ತಿರುವು ತಗೊಂಡು, ಕೊನೆಗೆ ಒಂದು ಗದ್ದೆಯ ಅಂಚಿಗೆ ಸ್ಕೂಟರ್ ನಿಲ್ಲಿಸಿ ಕೇಳಿದೆ. ಫೋನಿನ ನಕ್ಷೆ ನಾನು ಕೆರೆಯ ಮಧ್ಯೆ ಇದ್ದೇನೆ ಎಂದು ಹಟ ಹಿಡಿದಿತ್ತು. ನಾಟಿ ಮಾಡುತ್ತಿದ್ದ ಹೆಂಗಸರಲ್ಲಿ ಹಿರಿಯಾಕೆ ನಡು ನೆಟ್ಟಗೆ ಮಾಡಿ ನನ್ನನ್ನೂ ಸ್ಕೂಟರನ್ನೂ ಸಾವಕಾಶವಾಗಿ ನೋಡಿದರು.

"ಅಲ್ಲೇ ನಿಂದರ್ರಿ. ಊಟದ ಗಂಟೆ ಹೊಡೀತೈತಿ. ಸದ್ದು ಬಂದ ಕಡೆ ಹೋಗ್ರಿ."

"ಎಷ್ಟೊತ್ತಿಗೆ ಹೊಡೀತಾರೆ?"

"ಇವತ್ತು ಬೇಳೆ ಸಾರು. ಸ್ವಲ್ಪ ತಡ ಆಗಬೋದು."

ಗುವಾಹಟಿಯಲ್ಲಿ ಕುಕ್ಕರ್, ಮಸ್ಕತ್‌ನಲ್ಲಿ ಪರದೆ ಬಟ್ಟೆ ಮಾರಿದವಳು ನಾನು. ದಾರಿ ಕೇಳಿದರೆ ಸಾರಿನ ಸುದ್ದಿ ಹೇಳಿದ್ದು ಇದೇ ಮೊದಲು. ಆದರೆ ಶಾಲೆಗಳಿಗೆ ಎಲೆಕ್ಟ್ರಿಕ್ ಗಂಟೆ ಮಾರುವ ಕೆಲಸಕ್ಕೆ ಸೇರಿದ ಮೇಲೆ ಇಂಥವು ನಡೆಯುತ್ತಲೇ ಇವೆ. "ಅದೇನು ಮಹಾ, ಹೆಡ್‌ಮಾಸ್ತರ ಹತ್ರ ಹೋದ್ರಾಯ್ತು" ಎನ್ನುತ್ತಾರೆ ಜನ. ಹೆಡ್‌ಮಾಸ್ತರು ಸಿಗುತ್ತಾರೆ. "ತಗೊಳ್ಳೋಣ" ಎನ್ನುವ ಮನುಷ್ಯ ಎಲ್ಲಿ ಕೂತಿದ್ದಾನೆ ಎನ್ನುವುದೇ ಪತ್ತೆಯಾಗುವುದಿಲ್ಲ.

ಈ ಸಲ ಕಂಪನಿಯ ಸಾಹೇಬರು ಖಡಕ್ಕಾಗಿ ಹೇಳಿದ್ದರು: "ಶಿಕಾರಿಪುರ, ಸೊರಬ ಎರಡೂ ಸೇರಿ ಒಂದಾದ್ರೂ ಆರ್ಡರ್ ತನ್ನಿ ಮೇಡಂ. ಇಲ್ಲಾಂದ್ರೆ ತಿರುಗಾಟ ಸಾಕು, ಆಫೀಸಲ್ಲಿ ಕೂತು ಫೋನ್ ಮಾಡಿ."

ಕೂರುವುದಂತೆ! ಬಸ್ಸಿನಲ್ಲಿ ಕೂತರೂ ನನಗೆ ಕಿಟಕಿ ಬೇಕು. ಬೇಳೆ ಬೇಯುವವರೆಗೆ ಆ ವಾರ ಆಗಿದ್ದನ್ನೆಲ್ಲ ನೆನೆಸಿಕೊಂಡು ನಿಂತೆ.

ಹೆಡ್‌ಮಾಸ್ತರ ಕೋಣೆಯಲ್ಲಿ

ಸೊರಬದ ಕಡೆಯ ಒಂದು ಶಾಲೆ. ಹೆಡ್‌ಮಾಸ್ತರ ಕೋಣೆಯಲ್ಲಿ ಇಸ್ತ್ರಿ ಅಂಗಿಯವರೊಬ್ಬರು ಕೂತಿದ್ದರು. ನಮಸ್ಕಾರ ಮಾಡಿ ಗಂಟೆಯ ಗುಣಗಾನ ಶುರು ಮಾಡಿದೆ. ಅವರು ತಲೆದೂಗುತ್ತ ಕೇಳಿ, ಕೊನೆಗೆ ಚೀಲದಿಂದ ಒಂದು ಭೂಗೋಳ ತೆಗೆದು ಮೇಜಿನ ಮೇಲೆ ಗಿರ್ರನೆ ತಿರುಗಿಸಿದರು. "ಬಿದ್ರೂ ಒಡೆಯಲ್ಲ ಮೇಡಂ."

ಭೂಗೋಳ ಶಾಲೆಗೆ ಹೊಸದಾಗಿ ಬಂದಿರಬೇಕು, ಪಾಪ, ಖುಷಿಯಲ್ಲಿದ್ದಾರೆ ಎಂದುಕೊಂಡು ಹೊಗಳಿದೆ. ಅವರಿಗೆ ಹುರುಪು ಬಂದು ಕೇರಂ ಬೋರ್ಡು, ಸ್ಕಿಪ್ಪಿಂಗ್ ಹಗ್ಗ, ಎಲ್ಲ ಹೊರಗೆ ಬಂದವು. ರೇಟು ಹೇಳಿದಾಗ ನನಗೆ ಅನುಮಾನವಾಯಿತು.

"ನೀವು ಹೆಡ್‌ಮಾಸ್ತರ್ ಅಲ್ವಾ?"

"ನೀವು ಹೆಡ್‌ಮೇಡಂ ಅಲ್ವಾ? ನಿಮ್ಮ ಶಾಲೆ ಗಂಟೆ ಬಗ್ಗೆ ಇಷ್ಟೊತ್ತು ಹೇಳಿದ್ರಲ್ಲ!"

ಹೊರಗೆ ಜಗಲಿಯಲ್ಲಿ ಒಡೆದ ಪೈಪಿಗೆ ಟೇಪು ಸುತ್ತುತ್ತಿದ್ದವರು ಇಣುಕಿದರು. ನಿಜವಾದ ಹೆಡ್‌ಮಾಸ್ತರು ಅವರೇ.

"ಯಾಕೆ ನಿಲ್ಸಿದ್ರಿ ಮಾರಾಯ್ರೇ? ನಿಮ್ದು ಅವ್ರು, ಅವ್ರದ್ದು ನೀವು ತಗಂಡ್ಬಿಟ್ರೆ ನಂಗೊಂದು ಕೆಲ್ಸ ಕಡಿಮೆ."

ಗಂಟೆ ಹೋಗಲಿಲ್ಲ. ಸ್ಕಿಪ್ಪಿಂಗ್ ಹಗ್ಗ ಮಾತ್ರ ನನ್ನ ಮನೆಗೆ ಬಂದಿದೆ. ಬಟ್ಟೆ ಒಣಗಿಸಲು ಚೆನ್ನಾಗಿದೆ.

ಬಾರಿಸಿ ತೋರಿಸಿದ್ದು

ಶಿರಾಳಕೊಪ್ಪದ ಖಾಸಗಿ ಶಾಲೆಯಲ್ಲಿ ತೀರ್ಮಾನ ಮಾಡುವವರು ಎದುರಿಗೇ ಸಿಕ್ಕರು. ಸಂಸ್ಥೆಯ ಕಾರ್ಯದರ್ಶಿ, ಊರಲ್ಲಿ ದೊಡ್ಡ ಅಂಗಡಿಯವರು. "ಮಾತು ಬ್ಯಾಡ್ರೀ, ಬಾರಿಸಿ ತೋರ್ಸಿ. ನಾವು ತೂಕ ಹಾಕ್ದೆ ಏನೂ ತಗೊಳೋರಲ್ಲ."

ಆಗಿನ್ನೂ ಬೆಳಗಿನ ಎರಡನೇ ಪೀರಿಯಡ್. ಗೋಡೆಗೆ ಹಿಡಿದು ಗುಂಡಿ ಒತ್ತಿದೆ. ನಮ್ಮ ಗಂಟೆಯ ಸದ್ದೆಂದರೆ ಬಸ್ ಸ್ಟ್ಯಾಂಡಿನವರೆಗೆ ಕೇಳಬೇಕು. ಕಾರ್ಯದರ್ಶಿಗಳ ಮುಖ ಅರಳಿತು. ಅಷ್ಟರಲ್ಲಿ ತರಗತಿಗಳ ಬಾಗಿಲು ಧಡಧಡ ತೆರೆದು, ಅಷ್ಟೂ ಮಕ್ಕಳು ಬ್ಯಾಗ್ ಹೆಗಲಿಗೇರಿಸಿ ಗೇಟಿನತ್ತ ಓಡಿದರು. ಅವತ್ತು ಸಂತೆ ಬೇರೆ. ಒಮ್ಮೆ ಜನರ ನಡುವೆ ಸೇರಿಕೊಂಡ ಮಕ್ಕಳನ್ನು ಯಾವ ಮೇಷ್ಟರು ಹುಡುಕಿಯಾರು?

ಖಾಲಿ ಅಂಗಳ ನೋಡುತ್ತ ಕಾರ್ಯದರ್ಶಿಗಳು ಶಾಂತವಾಗಿ ಅಂದರು: "ಗಂಟೆ ಚಲೋ ಐತ್ರೀ. ಓಡಿಹೋದವ್ರನ್ನ ವಾಪಸ್ ಕರೆಯೋದು ಬಂದಾಗ ಹೇಳ್ರಿ, ಎರಡು ತಗೊಂತೀವಿ."

ಕೋರಂ ಗದ್ದೆಯಲ್ಲಿತ್ತು

ಅಂತೂ ಬೇಳೆ ಬೆಂದಿತು. ದೂರದಲ್ಲಿ ಢಣ್ ಢಣ್ ಎಂದಿತು. ಸದ್ದು ಹಿಡಿದು ಹೋದರೆ ಶಾಲೆ ಸಿಕ್ಕಿತು. ಬಿಸಿಯೂಟದ ಅಡುಗೆಯಾಕೆ ಹಳೆಯ ಕಬ್ಬಿಣದ ತುಂಡಿಗೆ ಬಡಿದು ಸುತ್ತಿಗೆ ಕೆಳಗಿಡುತ್ತಿದ್ದರು. ಅನ್ನ ಸಾರು ಆದ ಮೇಲೆಯೇ ಗಂಟೆ, ಅದು ಅಲ್ಲಿಯ ಪದ್ಧತಿ.

ಹೆಡ್‌ಮಾಸ್ತರು ಒಳ್ಳೆಯವರು. "ನಂಗೂ ಬೇಕು, ಸಮಿತಿ ಅಧ್ಯಕ್ಷರಿಗೂ ಬೇಕು. ಆದ್ರೆ ಪೋಷಕರ ಸಮಿತಿ ಒಪ್ಪಬೇಕಲ್ರೀ. ಇವತ್ತೇ ಸಭೆ ಕರೆದಿದ್ದೆ. ಬಂದಿರೋದು ನಾವಿಬ್ರೇ, ಕೋರಂ ಇಲ್ಲ."

"ಉಳಿದವರು?"

"ಎಲ್ಲಾ ತಾಯಂದ್ರು. ನಾಟಿಗೆ ಹೋಗ್ಯಾರೆ."

ಬಂದ ದಾರಿಯಲ್ಲೇ ವಾಪಸ್ ಹೋದೆ. ಅದೇ ಗಂಟೆಗೆ ನಾಟಿ ನಿಲ್ಲಿಸಿ ಬುತ್ತಿ ಬಿಚ್ಚಿ ಕೂತಿದ್ದ ಹಿರಿಯಾಕೆ ನಕ್ಕರು. "ಮತ್ತೆ ದಾರಿ ತಪ್ಪಿದ್ರಾ?"

ವಿಷಯ ಹೇಳಿದೆ. "ನಾವು ಸಭೆಗೆ ಬಂದ್ರೆ ನನ್ನ ಗದ್ದೆ ಯಾರು ನೆಡ್ತಾರ್ರೀ? ಇವತ್ತು ಇವ್ರು ನನ್ನ ಗದ್ದೆಗೆ, ನಾಳೆ ನಾನು ಇವ್ರ ಗದ್ದೆಗೆ. ಮುಯ್ಯಾಳು ನಮ್ದು. ಕೆಲಸ ಕೆಡಿಸಿದ್ರೆ ನೀವೂ ಮುಯ್ಯಿ ತೀರಿಸ್ಬೇಕು, ಒಂದಿನ."

ತಮಾಷೆ ಎಂದುಕೊಂಡು "ಆಯ್ತಕ್ಕಾ" ಅಂದೆ.

ಕಾಲಿನ ಕೆಸರು ತೊಳೆದು ಎಲ್ಲರೂ ಬಂದು ಕೂತರು. ಬ್ಯಾಟರಿ, ವಾರಂಟಿ, ರಿಮೋಟು ಎಂದು ಗಂಟಲು ಹರಿದುಕೊಂಡೆ. ಒಬ್ಬರು ಆಕಳಿಸಿದರು. ಇನ್ನೊಬ್ಬರು ಮಾತ್ರ, ಗಂಟೆಯ ಮಾತು ಬಂದದ್ದೇ ನೆಪವಾಗಿ, ಪಕ್ಕದವರ ಮೇಲೆ ರೇಗಿದರು.

"ನನ್ನ ಗದ್ದೆ ದಿನ ಚಿತ್ರಾನ್ನ. ಬಿಸಲು ಏರೋದ್ರಾಗೆ ಗಂಟೆ ಹೊಡೀತು, ಎಲ್ಲಾ ಊಟಕ್ಕೆ ಎದ್ದು ಹೋದ್ರಿ. ನಿನ್ನ ಗದ್ದೆ ದಿನ ಕಾಳು ಸಾರು. ಕಾಳು ಬೇಯೋತನಕ ನಾನು ನೆಟ್ಟಿದ್ದೇ ನೆಟ್ಟಿದ್ದು. ಇದ್ಯಾವ ಸೀಮೆ ಮುಯ್ಯಿ?"

ಇಷ್ಟು ವರ್ಷ ಊರೂರು ತಿರುಗಿ ಕಲಿತದ್ದೆಲ್ಲ ಆ ಗಳಿಗೆಗೆ ಒದಗಿತು. ರಿಮೋಟನ್ನು ಚೀಲಕ್ಕೆ ಹಾಕಿದೆ.

"ಅಕ್ಕಾ, ಈ ಗಂಟೆಗೆ ಯಾರ ಒಲೆಯೂ ಗೊತ್ತಿಲ್ಲ, ಯಾರ ಹೊಟ್ಟೆಯೂ ಗೊತ್ತಿಲ್ಲ. ಯಾರ ಗದ್ದೆ ಆದ್ರೂ, ಗಡಿಯಾರದ ಹಾಗೆ ತಾನಾಗೇ ಒಂದೇ ಹೊತ್ತಿಗೆ ಹೊಡೆಯುತ್ತೆ."

ರೇಗಿದವರೇ ಮೊದಲು ಕೈ ಚಾಚಿದರು: "ಎಲ್ಲಿ ಸಹಿ ಹಾಕೋದು?"

ಅಡುಗೆಯಾಕೆ ಬಾಗಿಲಲ್ಲೇ ನಿಂತು, "ನನಗೂ ಸಾಕಾಗಿತ್ತು, ಊರಿನ ಜಗಳಕ್ಕೆಲ್ಲಾ ನನ್ನ ಸಾರೇ ಕಾರಣ" ಎಂದು ಸುತ್ತಿಗೆಯನ್ನು ತೆಂಗಿನಕಾಯಿ ಒಡೆಯಲು ತಗೊಂಡು ಹೋದರು.

ಮುಯ್ಯಿ

ಆರ್ಡರ್ ನೋಡಿ ಸಾಹೇಬರು ತಣ್ಣಗಾದರು, ನನ್ನ ತಿರುಗಾಟ ಉಳಿಯಿತು. ಗಂಟೆ ಕೂರಿಸಿದ ಮರುದಿನವೇ ಹಿರಿಯಾಕೆಯ ಫೋನು. "ಮೇಲಿನ ಗದ್ದೆ ಬಾಕಿ ಐತಿ. ಮುಯ್ಯಿ ತೀರ್ಸಾಕ್ ಬರ್ರಿ."

ಹೋದೆ. ಸೀರೆ ಎತ್ತಿ ಕಟ್ಟಿ ಇಳಿದೆ. ನಾನು ನೆಟ್ಟ ಸಾಲು ನೋಡಿ "ಮೇಡಮ್ಮ ಇಲ್ಲೂ ದಾರಿ ತಪ್ಯಾರೆ" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುವಷ್ಟು ಹೊತ್ತು. ಆಮೇಲೆ ಸೊಂಟ ನನ್ನದಲ್ಲ ಅನ್ನಿಸತೊಡಗಿತು. ಕೆಸರು ಕಾಲನ್ನು ಬಿಡಲೊಲ್ಲದು, ಹೊಟ್ಟೆ ಚುರುಗುಟ್ಟುತ್ತಿದೆ. ಗಾಳಿಯಲ್ಲಿ ಶಾಲೆಯ ಕಡೆಯಿಂದ ಚಿತ್ರಾನ್ನದ ಒಗ್ಗರಣೆ ಘಮ್ಮೆಂದಿತು. ಅಂದರೆ ಅಡುಗೆ ಆಗಿಹೋಗಿದೆ! ಕಿವಿ ನೆಟ್ಟಗೆ ಮಾಡಿ ನಿಂತೆ. ಸದ್ದಿಲ್ಲ.

"ಅಕ್ಕಾ," ಎಂದು ನರಳಿದೆ, "ಚಿತ್ರಾನ್ನ ಆಗಿದೆ. ಗಂಟೆ ಇನ್ನೂ ಯಾಕೆ ಹೊಡೀಲಿಲ್ಲ?"

ಹಿರಿಯಾಕೆ ತಲೆ ಎತ್ತದೆ ಇನ್ನೊಂದು ಸಸಿ ನೆಟ್ಟರು.

"ಅದಕ್ಕೆ ಯಾರ ಹೊಟ್ಟೆನೂ ಗೊತ್ತಿಲ್ಲ ಅಂತ ನೀವೇ ಅಂದ್ರಲ್ರೀ. ಬಗ್ಗಿರಿ."