ಎರಡು ಪರದೆಗಳ ನಡುವೆ ನಿಂಗಮ್ಮ

ನಾನು ಹೇಳಿದ ಸುಳ್ಳುಗಳಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರು ಶಹಾಪುರ ತಾಲ್ಲೂಕಿನಲ್ಲಿ ಬಹಳ ಮಂದಿ ಇದ್ದಾರೆ. ಸಗರದ ಕಡೆ ಯಾವ ಮನೆಗೆ ಹೋದರೂ ಪಡಸಾಲೆಯಲ್ಲಿ ಒಂದಾದರೂ ಸಿಗುತ್ತದೆ. ನನ್ನದು ಫೋಟೋ ಸ್ಟುಡಿಯೊ. ಕಾಲುವೆಗೆ ನೀರು ಬಂದು, ಭತ್ತ ಬೆಳೆದು, ಜನರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಎಲ್ಲರಿಗೂ ಫೋಟೋ ಬೇಕಾಯಿತು. ಫೋಟೋ ಬಂದ ಮೇಲೆ ಎಲ್ಲರಿಗೂ ಬೆಳ್ಳಗಾಗಬೇಕಾಯಿತು. ದಿನವಿಡೀ ಬಿಸಿಲಲ್ಲಿ ಸಸಿ ಹಚ್ಚಿ ಬಂದವರು ನನ್ನ ಕುರ್ಚಿಯ ಮೇಲೆ ಕೂತು, "ಸ್ವಲ್ಪ ಬೆಳ್ಳಗ ಬರೂಹಂಗ ನೋಡ್ರಿ" ಅನ್ನುವರು. ಮೊದಲು ಬ್ರಷ್ಷಿನಿಂದ, ಆಮೇಲೆ ಕಂಪ್ಯೂಟರಿನಿಂದ ನಾನೂ ನೋಡುತ್ತಾ ಬಂದೆ. ಕೇಳಿದವರಿಗೂ ಕೇಳದವರಿಗೂ ಒಂದೇ ಸುಣ್ಣ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನನ್ನ ಹೆಂಡತಿ ನಿಂಗಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಫೋಟೋ ದೊಡ್ಡದು ಮಾಡಿಸಿ ಕೊಡಬೇಕೆಂಬ ಆಸೆ ನನಗೆ. ಕೆಲಸಕ್ಕೆ ಕೂತಾಗ ತಲೆ ಎಲ್ಲೋ ಇತ್ತು. ಕೈ ಮಾತ್ರ ತನ್ನ ರೂಢಿಯ ಕೆಲಸವನ್ನು ಮಾಡಿ ಮುಗಿಸಿತ್ತು. ಕಟ್ಟು ಹಾಕಿದ ಫೋಟೋ ಹಿಡಿದು ಅವಳು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸೀರಿ ನಂದು, ಕೂಸು ನಮ್ದು. ಈಕಿ ಯಾರ್ರಿ?" ಎಂದಳು. "ಇಷ್ಟು ವರ್ಷ ನನ್ನ ಮಾರಿ ನಿಮಗ ಸೇರಲಿಲ್ಲೇನು? ನಾ ಕಕ್ಕೇರಾದ ಅಕ್ಕನ ಮನೀಗಿ ಹೋಗ್ತೀನಿ. ಈ ಫೋಟೋದಾಗ ನಾ ಬಂದ ದಿನ ಹೇಳಿ ಕಳಸ್ರಿ, ಬರ್ತೀನಿ."

ಬೆಳ್ಳಗೆ ಮಾಡಿದವನಿಗೆ ಕಪ್ಪಗೆ ಮಾಡುವುದೇನು ಮಹಾ ಎಂದು ಕೂತೆ. ಮೂಲ ಫೋಟೋದ ಮೇಲೆಯೇ ಸೇವ್ ಮಾಡಿ ಅದನ್ನು ಕಳೆದುಕೊಂಡಿದ್ದೆ, ಅದಿರಲಿ. ತೊಡಕು ಬೇರೆಯೇ ಇತ್ತು. ನನ್ನ ಕಂಪ್ಯೂಟರಿಗೆ ಎರಡು ಪರದೆ: ಒಂದು ನನ್ನ ಎದುರಿಗೆ, ಇನ್ನೊಂದು ಗಿರಾಕಿ ನೋಡಲೆಂದು ಆಚೆ ಮುಖ ಮಾಡಿದ್ದು. ಅದನ್ನೂ ಈ ಕಡೆ ತಿರುಗಿಸಿಕೊಂಡೆ. ಒಂದರಲ್ಲಿ ನಿಂಗಮ್ಮ ಹದಕ್ಕೆ ಬಂದಳು ಅನ್ನುವಾಗ ಇನ್ನೊಂದರಲ್ಲಿ ಕಾಮಾಲೆಯಾದವಳಂತೆ ಕಾಣುವಳು. ಅಲ್ಲಿ ಸರಿಪಡಿಸಿದರೆ ಇಲ್ಲಿ ಇದ್ದಿಲು. ಚಿತ್ರವನ್ನು ಮೌಸಿನಿಂದ ಎಳೆದು ಎರಡರ ನಡುವೆ ನಿಲ್ಲಿಸಿದರೆ ಅರ್ಧ ಮುಖ ಒಂದು ಬಣ್ಣ, ಅರ್ಧ ಇನ್ನೊಂದು; ಕಣ್ಣು ಮಾತ್ರ ಎರಡೂ ಕಡೆಯಿಂದ ನನ್ನನ್ನೇ ನೋಡುತ್ತಿದ್ದವು. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಅದು ಕೇಳಿದ ಪ್ರಶ್ನೆಗಳನ್ನು ನನ್ನ ಹೈಸ್ಕೂಲಿನ ಇಂಗ್ಲಿಷಿನಲ್ಲಿ ಓದಿ, ತಿಳಿದದ್ದಕ್ಕೂ ತಿಳಿಯದ್ದಕ್ಕೂ 'ಓಕೆ' ಒತ್ತಿದೆ. ಪರದೆಗಳನ್ನೇ ಅದಲುಬದಲು ಮಾಡಿದೆ. ಜಗಳವೂ ಅವುಗಳ ಜೊತೆ ಜಾಗ ಬದಲಿಸಿತು.

ಸುರಪುರದಿಂದ ರಿಪೇರಿಯ ರಾಜಾಸಾಬ್ ಬಂದ. ಎರಡರ ಕಂಪನಿ ಬೇರೆ, ವಯಸ್ಸು ಬೇರೆ, ಒಂದನ್ನು ಖರೆ ಎಂದು ಹಿಡಿದು ಇನ್ನೊಂದನ್ನು ಅದಕ್ಕೆ ಹೊಂದಿಸಬೇಕು ಎಂದು ಹೇಳಿದ. "ಅಸಲ್ ಬಣ್ಣ ಯಾವ್ದರಿ ಕಾಕಾ? ಅಷ್ಟು ಹೇಳ್ರಿ, ಉಳಿದಿದ್ದು ನಾ ನೋಡ್ತೀನಿ."

ನಾನು ಒಂದು ಪರದೆ ನೋಡಿದೆ, ಇನ್ನೊಂದನ್ನು ನೋಡಿದೆ. ನಿಂಗಮ್ಮ ಕಾಕುವಿನ ಬಣ್ಣ ನಿಮಗೇ ಗೊತ್ತಿಲ್ಲದಿದ್ದರೆ ನನಗೆಲ್ಲಿ ಗೊತ್ತಿರಬೇಕು ಎಂದು ನಕ್ಕು, ಚಹಾ ಕುಡಿದು ಅವನು ಹೋದ. ಬೇರೆ ಫೋಟೋ ನೋಡೋಣವೆಂದರೆ, ನಮ್ಮ ಗೋಡೆಯ ಮೇಲಿನ ನಿಂಗಮ್ಮಂದಿರೆಲ್ಲ ನನ್ನ ಕೈಯಿಂದಲೇ ಬಂದವರು. ಸಾಲಾಗಿ ಬೆಳ್ಳಗೆ ನಗುತ್ತಿದ್ದರು. ಮೊಬೈಲಿನಲ್ಲಿದ್ದವು ನನ್ನನ್ನು ಕೇಳದೆ ತಾವೇ ಸುಣ್ಣ ಬಳಿದುಕೊಂಡಿದ್ದವು.

ಮದುವೆಯ ಹೊಸದರಲ್ಲಿ ಕಾಲುವೆಗೆ ಮೊದಲ ನೀರು ಬಿಟ್ಟಾಗ ಊರಿಗೆ ಊರೇ ನೋಡಲು ಹೋಗಿತ್ತು. ನಾನು ನೀರಿನ ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದೆ. ಅವಳು ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಮುಖ ತೊಳೆದು, ಒರೆಸಿಕೊಳ್ಳದೆ ನನ್ನ ಕಡೆ ನೋಡಿದಳು. ಆಗಷ್ಟೇ ನೀರು ಕುಡಿದ ಎರೆಮಣ್ಣಿನ ಮೇಲೆ ಸಂಜೆಯ ಬಿಸಿಲು ಬಿದ್ದ ಹಾಗೆ. ರೋಲು ಮುಗಿದೀತೆಂದು ನಾನು ಕ್ಯಾಮೆರಾ ಅವಳ ಕಡೆ ತಿರುಗಿಸಲಿಲ್ಲ. ಈಗ ಆ ಹೊಳಪನ್ನು ಎರಡು ಪರದೆಗಳಲ್ಲಿ ಹುಡುಕುತ್ತಿದ್ದೆ. ಒಂದರಲ್ಲೂ ಇರಲಿಲ್ಲ.

ಕಡೆಗೆ ಕಕ್ಕೇರಾಕ್ಕೆ ಫೋನ್ ಮಾಡಿ, ಬಣ್ಣ ಸಿಗುತ್ತಿಲ್ಲ, ನಿನ್ನ ಮುಖ ನೋಡಿಯೇ ಹೊಂದಿಸಬೇಕು, ಬಂದು ಈ ಪರದೆಯ ಪಕ್ಕ ಒಂದು ಗಳಿಗೆ ಕೂತುಕೋ ಎಂದೆ. ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಖರೇನ ನೆನಪಿಲ್ಲೇನು?"

"ಕಾಲುವಿ ದಂಡಿ ಮ್ಯಾಲ ಮಾರಿ ತೊಳಕೊಂಡು ಕುಂತಿದ್ದಿ ನೋಡು, ಅದು ನೆನಪದ. ಇದರಾಗ ಬರವಲ್ದು."

ರೊಟ್ಟಿಯ ಸಪ್ಪಳ ಮತ್ತೆ ಕೇಳಿಸಿತು, ಮೊದಲಿಗಿಂತ ಮೆಲ್ಲಗೆ. "ಮೊದ್ಲ ಆ ಎರಡೂ ಡಬ್ಬಿ ಬಂದ್ ಮಾಡ್ರಿ," ಎಂದಳು. "ಬಂದ ಮ್ಯಾಲ ನೋಡೂಣು." ಯಾವಾಗ ಬರುತ್ತೀ ಎಂದು ನಾನು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದಳು.

ಬಂದ್ ಮಾಡಿದೆ. ಎರಡು ಪರದೆಗಳಲ್ಲೂ ಒಂದೇ ಬಣ್ಣ ಬಂದದ್ದು ಆಗಲೇ ಮೊದಲು. ಆ ಕರಿ ಗಾಜುಗಳಲ್ಲಿ ಒಂದಕ್ಕೊಬ್ಬರಂತೆ ನನ್ನದೇ ಮುಖದ ಇಬ್ಬರು ಮುದುಕರು ಕಕ್ಕೇರಾ ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು. ಅವಳು ಬರುವುದರೊಳಗೆ ಇಬ್ಬರನ್ನೂ ಸ್ವಲ್ಪ ಬೆಳ್ಳಗೆ ಮಾಡಬೇಕೆನ್ನಿಸಿ, ನೋಡುತ್ತೇನೆ, ಕೈ ಆಗಲೇ ಮೌಸಿನ ಮೇಲಿತ್ತು.