ಅವ್ವನ ಫಾಸ್ಟಿಂಗ್ ಶುಗರು

ಡಾಕ್ಟರರ ಮಾತಿನಲ್ಲಿ ನನಗೆ ಪೂರ್ತಿ ತಿಳಿಯುವ ಶಬ್ದ ಒಂದೇ ಒಂದು: ಫಾಸ್ಟಿಂಗ್. ರಕ್ತ ಕೊಡುವ ಮುಂಚೆ ಹತ್ತು ತಾಸು ನೀರಿನ ಹೊರತು ಹೊಟ್ಟೆಗೆ ಏನೂ ಹೋಗಬಾರದು, ಅಷ್ಟೇ. ವಾರಕ್ಕೆರಡು ಉಪವಾಸ ಮಾಡುವ ನಮ್ಮವ್ವನಿಗೆ ಇದನ್ನು ಬಿಡಿಸಿ ಹೇಳುವುದೇನಿದೆ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೇ ತಪ್ಪಾಯಿತು.

ಅವ್ವನ ಕಣ್ಣಿಗೆ ಪೊರೆ ಬಂದು, ನನ್ನನ್ನೂ ಹಾಲಿನವನನ್ನೂ ದನಿಯಿಂದ ಗುರುತಿಸುವ ಹೊತ್ತು ಬಂದಿತ್ತು. ಸೊಲ್ಲಾಪುರದ ಕಣ್ಣಿನ ಡಾಕ್ಟರರು, "ಫಾಸ್ಟಿಂಗ್ ಶುಗರ್ ಇಳಿಯೂತನಾ ನಾ ಕಣ್ಣಿಗೆ ಕೈ ಹಚ್ಚೂದಿಲ್ರಿ" ಅಂದುಬಿಟ್ಟರು. ಅಕ್ಕಲಕೋಟದ ನಮ್ಮ ಮನೆಯಿಂದ ಸೊಲ್ಲಾಪುರದ ವಿಜಾಪುರ ರಸ್ತೆಯ ಲ್ಯಾಬಿಗೆ ಎರಡು ಸಲ ಹೋದೆವು. ಗುಳಿಗೆ ಬದಲಾದವು, ಸಕ್ಕರೆ ಕದಲಲಿಲ್ಲ. ಕಡೆಗೆ ಲ್ಯಾಬಿನ ನರ್ಸಮ್ಮ ಕೇಳಿದಳು, "ಆಜೀ, ಏನರ ತಿಂದ ಬಂದೀರೇನ್ರಿ?"

"ಇಲ್ಲವ್ವಾ, ಖಡಕ್ ಉಪವಾಸ. ಬರೇ ಒಂದ ವಾಟಿ ಸಾಬೂದಾಣಿ ಖಿಚಡಿ, ಎರಡ ರಾಜಗಿರಿ ಲಾಡು, ಛಾ."

ನರ್ಸಮ್ಮ ಹಣೆ ಬಡಿದುಕೊಂಡಳು. ನಾನು ಏಳುವ ಮುಂಚೆಯೇ ಇದೆಲ್ಲ ಮುಗಿದಿತ್ತಂತೆ! ನಾನು ಹರಿಹಾಯ್ದರೆ ಅವ್ವ ಸೊಪ್ಪು ಹಾಕಲಿಲ್ಲ. "ಅನ್ನ ಮುಟ್ಟಿಲ್ಲ, ರೊಟ್ಟಿ ಮುಟ್ಟಿಲ್ಲ. ದೇವರಿಗೆ ನಡೀತೈತಿ, ನಿನ್ನ ಡಾಕ್ಟರಗ ನಡ್ಯಾಂಗಿಲ್ಲಾ? ದೇವರಕಿಂತ ದೊಡ್ಡಾಂವ ಏನ ಅಂವಾ?" ಲ್ಯಾಬಿನ ಮೆಟ್ಟಿಲು ಇಳಿಯುವಾಗ ಅವಳು ಗೋಡೆ ತಡವಿದ್ದು ನೋಡಿ ಕೈ ಹಿಡಿದುಕೊಂಡೆ. ಏನೇ ಆಗಲಿ, ಮುಂದಿನ ಸಲ ಈ ಮುದುಕಿಯ ಬಾಯಿಗೆ ಒಂದು ಶೇಂಗಾಕಾಳೂ ಬೀಳಗೊಡುವುದಿಲ್ಲ ಎಂದು ಹಟ ತೊಟ್ಟೆ.

ಮೂರನೆಯ ಸಲ ನಸುಕಿನಲ್ಲೇ ಎದ್ದು ಅಡುಗೆಮನೆಗೆ ಕೀಲಿ ಹಾಕಿದೆ. ಹೆಂಡತಿ, "ನಂದೂ ಛಾ ಹೋತಲ್ರೀ" ಎಂದು ಗೊಣಗಿದಳು. ಹೋಗಲಿ. ಅವ್ವನನ್ನು ಕಾರಿನಲ್ಲಿ ಕೂಡಿಸಿಕೊಂಡು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳ ತನಕ ಬಂದಿದ್ದೆ, ಹಿಂದಿನ ಸೀಟಿನಲ್ಲಿ ಡಬ್ಬಿ ತೆಗೆದ ಸಪ್ಪಳ! ಸೆರಗಿನ ಮರೆಯಲ್ಲಿ ಖಿಚಡಿ ತಂದಿದ್ದಳು. ನೆರೆಮನೆಯಿಂದಂತೆ. ಗಾಡಿ ನಿಲ್ಲಿಸಿ ಕಸಿದುಕೊಂಡೆ. "ಉಪವಾಸದ್ದು ಚೆಲ್ಲಬ್ಯಾಡೋ, ಪಾಪ ಬರತೈತಿ" ಅಂದಳು. ಪಾಪವೂ ಬೇಡ, ಶುಗರೂ ಬೇಡ. ರಸ್ತೆಯ ಬದಿಗೆ ನಿಂತು ಇಡೀ ಡಬ್ಬಿ ನಾನೇ ತಿಂದು ತೀರಿಸಿದೆ. ಸುಳ್ಳೇಕೆ, ರುಚಿಯಾಗಿತ್ತು.

ಸಕ್ಕರೆ ಇಳಿದಿತ್ತು. ಆಪರೇಶನ್ನೂ ಆಯಿತು. ಪಟ್ಟಿ ಬಿಚ್ಚಿದ ದಿನ ಅವ್ವ ಕಿಟಕಿ ನೋಡಿದಳು, ಡಾಕ್ಟರರನ್ನು ನೋಡಿದಳು, ಆಮೇಲೆ ನನ್ನನ್ನು. ನನಗೆ ಅಳು ತಡೆಯಲಾಗಲಿಲ್ಲ. "ಕಾಣಸ್ತೀನೇನಬೇ ಅವ್ವಾ?"

"ಕಾಣಸ್ತೀಯೋ ಯಪ್ಪಾ, ಛಲೋ ಕಾಣಸ್ತಿ" ಎಂದು ನನ್ನ ಕೆನ್ನೆ ಸವರಿದಳು. ಆಮೇಲೆ ಅವಳ ಕಣ್ಣು ಮೆಲ್ಲಗೆ ಕೆಳಗೆ ಇಳಿಯಿತು. "ಅಯ್ಯ ಶಿವನ! ಇಷ್ಟ ಹೊಟ್ಟಿ ಯಾವಾಗ ಬಂತೋ ನಿನಗ? ಡಾಕ್ಟರ್ರಿ, ಇವಂದೂ ಸಕ್ಕರಿ ನೋಡಸೂಣು. ನಾಳಿ ಮುಂಜಾನಿ ನಾನ ಕರ್ಕೊಂಡ ಬರ್ತೀನಿ."

ಮರುದಿನ ಮುಂಜಾನೆ ನಾನು ಅವಳ ಹಿಂದೆಮುಂದೆ ಸುಳಿದಾಡಿ, "ಒಂದ ಗುಟುಕ ಛಾಕ್ಕ ಏನಾಗತೈತೆಬೇ?" ಎಂದು ಕೇಳಿದೆ.

"ನೀರ ಕುಡಿ" ಅಂದಳು ಅವ್ವ.